ಉಮೇದುವಾರನಿದ್ದಾನೆ, ಸ್ಥಾನವೆಲ್ಲಿ?

ನಾನು ಒಂದು ಚುನಾವಣೆಗೆ ನಿಲ್ಲಬೇಕೆಂದಿದ್ದೇನೆ. ಗಾಬರಿಯಾಗಬೇಡಿರಿ, ವಿಧಾನಸಭೆಗಲ್ಲ, ಲೋಕಸಭೆಗಲ್ಲ, ಪುರಸಭೆಗೂ ಅಲ್ಲ. ನನ್ನ ತಾಲೂಕಿನ ಕಾಲೇಜಿನ ಆಡಳಿತ ಮಂಡಳದಲ್ಲಿ ಒಂದು ಸ್ಥಾನ ಸಿಕ್ಕರೆ ಸಾಕು. ಭತ್ಯೆ ಬೇಡ, ಮೋಟಾರು ಬೇಡ, ಹಾರ-ತುರಾಯಿಗಳಂತೂ ಬೇಡವೇ ಬೇಡ. ವರ್ಷಕ್ಕೆ ನಾಲ್ಕು ಸಭೆ, ಸಭೆಗೊಂದು ಕಪ್ಪು ಚಹ, ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡುವ ಹಕ್ಕು, ಇಷ್ಟೇ ನನ್ನ ಮಹತ್ವಾಕಾಂಕ್ಷೆ. ಆದರೆ ಈ ಉಮೇದುವಾರಿಕೆಗೆ ಒಂದು ಸಣ್ಣ ಅಡ್ಡಿಯಿದೆ. ನಾಮಪತ್ರವನ್ನು ಯಾರ ಮೇಜಿನ ಮೇಲೆ ಇಡಬೇಕೆಂಬುದನ್ನು ಯಾರೂ ಹೇಳಲಾರರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ವಿಜಯಪುರ ಜಿಲ್ಲೆಯ ಈ ನಾಲ್ಕೂ ಊರುಗಳಲ್ಲಿ ಕಾಲೇಜುಗಳಿವೆ, ಕಾಲೇಜುಗಳಿಗೆ ಮಂಡಳಗಳಿವೆ, ಮಂಡಳಗಳಲ್ಲಿ ಕುರ್ಚಿಗಳಿವೆ. ಊರಿನವನೊಬ್ಬ ಊರಿನವರ ಮತ ಪಡೆದು ಕೂಡ್ರಬಹುದಾದ ಕುರ್ಚಿಯನ್ನು ಮಾತ್ರ ಯಾವ ಕಾಯಿದೆಯೂ ಇಟ್ಟಿಲ್ಲ.

ಇದು ಚುನಾವಣೆಯನ್ನೇ ಕಾಣದ ಸೀಮೆಯೆಂದು ಯಾರೂ ತಿಳಿಯಬಾರದು. ಇಂಡಿ ತಾಲೂಕಿನ ಒಬ್ಬ ರೈತನನ್ನು ತೆಗೆದುಕೊಳ್ಳಿರಿ. ಗ್ರಾಮ ಪಂಚಾಯತಿಗೆ ಅವನ ಮತ ಬೇಕು. ಸಾಲ ಕೊಡುವ ಕೃಷಿ ಪತ್ತಿನ ಸಂಘದಲ್ಲಿ ಸದಸ್ಯನಾಗಿದ್ದರೆ ಅದರ ನಿರ್ದೇಶಕರನ್ನು ಅವನೇ ಆರಿಸುತ್ತಾನೆ. ಮರಗೂರಿನ ಭೀಮಾಶಂಕರ ಸಹಕಾರಿ ಸಕ್ಕರೆ ಕಾರಖಾನೆಯ ಶೇರು ಅವನಲ್ಲಿದ್ದರೆ ಕಬ್ಬು ನುರಿಸುವವರ ಆಯ್ಕೆಗೂ ಅವನ ಮತವುಂಟು. ಮಗಳು ಸರಕಾರಿ ಶಾಲೆಯಲ್ಲಿ ಮೂರನೆಯ ಇಯತ್ತೆ ಓದುತ್ತಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಅವನು ಕೂಡ್ರಬಹುದು. ಇಂಥ ಸಮಿತಿಗಳನ್ನು ಕರ್ನಾಟಕವು 2001ರಲ್ಲಿಯೇ ರಚಿಸಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಾಯಿ-ತಂದೆಗಳು ಅಥವಾ ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಕಟ್ಟುಮಾಡಿತು. ಸರಿಯೇ. ಆದರೆ ಆ ಮಗಳು ಬೆಳೆದು ಕಾಲೇಜಿನ ಮೆಟ್ಟಿಲು ಹತ್ತಿದ ದಿನ ತಂದೆಯ ವಿವೇಕವೆಲ್ಲ ಎಲ್ಲಿಗೆ ಹಾರಿಹೋಯಿತು? ಶಾಲೆಯ ಬಾವಿಯ ಬಗೆಗೆ ಮಾತನಾಡಬಲ್ಲವನು ಕಾಲೇಜಿನ ನಳದ ಬಗೆಗೆ ಮಾತನಾಡಲಾರನೆ?

ಇದಕ್ಕಿಂತಲೂ ಸೋಜಿಗದ ಮಾತನ್ನು ಕೇಳಿರಿ. ಆ ಮಗಳೇ ಪದವಿ ಪಡೆದು ಮೂರು ವರ್ಷ ಕಳೆದರೆ, ವಿಜಯಪುರ, ಬಾಗಲಕೋಟ, ಬೆಳಗಾವಿ ಜಿಲ್ಲೆಗಳು ಕೂಡಿದ ವಾಯವ್ಯ ಪದವೀಧರರ ಮತಕ್ಷೇತ್ರದಲ್ಲಿ ಹೆಸರು ಹಚ್ಚಿಸಿಕೊಂಡು ವಿಧಾನ ಪರಿಷತ್ತಿಗೆ ಒಬ್ಬರನ್ನು ಆರಿಸಿ ಕಳಿಸಬಹುದು. ಪರಿಷತ್ತಿನ ಹನ್ನೆರಡರಲ್ಲಿ ಒಂದು ಪಾಲನ್ನು ಸಂವಿಧಾನವೇ ಪದವೀಧರರಿಗೆ ಮೀಸಲಿಟ್ಟಿದೆ. ಇನ್ನೊಂದು ಪಾಲು ಶಿಕ್ಷಕರದು. ಅಂದರೆ ಇಡೀ ನಾಡಿಗೆ ಕಾಯಿದೆ ಮಾಡುವವರನ್ನು ಆರಿಸುವ ಯೋಗ್ಯತೆ ಆಕೆಗೆ ಬಂದಿದೆ. ತನಗೆ ಪದವಿ ಕೊಡಿಸಿದ ಕಾಲೇಜಿನ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವವರನ್ನು ಆರಿಸುವ ಯೋಗ್ಯತೆ ಬಂದಿಲ್ಲ! ಆನೆಯನ್ನು ಪಳಗಿಸಲು ಕೊಟ್ಟು, ಅಂಕುಶವನ್ನು ಮುಟ್ಟಬೇಡ ಎಂದಂತಾಯಿತು.

ಈಗಿರುವ ವ್ಯವಸ್ಥೆ ಎಂಥದು? ಸರಕಾರಿ ಪ್ರಥಮದರ್ಜೆ ಕಾಲೇಜಿಗೆ ಒಂದು ಅಭಿವೃದ್ಧಿ ಸಮಿತಿ ಇರುತ್ತದೆ. ಸ್ಥಳೀಯ ಶಾಸಕರು ಅದರ ಅಧ್ಯಕ್ಷರು, ಪ್ರಾಚಾರ್ಯರು ಇರುತ್ತಾರೆ, ಊರಿನವರೆಂದು ಸೇರುವವರು ನಾಮಕರಣದಿಂದ ಸೇರುತ್ತಾರೆ. ಶಾಸಕರು ಬದಲಾದರೆ ಸಮಿತಿಯ ಮುಖಗಳೂ ಬದಲಾಗುವದು ಲೋಕರೂಢಿ. ಶಾಸಕರಿಗೆ ನೀರಾವರಿಯುಂಟು, ರಸ್ತೆಯುಂಟು, ಬೆಂಗಳೂರುಂಟು, ಬೆಳಗಾವಿಯುಂಟು. ಇವೆಲ್ಲದರ ನಡುವೆ ಕಾಲೇಜಿನ ಸಭೆಗೆ ಅವರಿಗೆ ಎಷ್ಟು ತಾಸು ಉಳಿಯಬಹುದೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಇನ್ನು ಖಾಸಗಿ ಸಂಸ್ಥೆಗಳ ಕಾಲೇಜುಗಳು. ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಅವುಗಳಿಗೂ ವಾರ್ಷಿಕ ಮಹಾಸಭೆಯುಂಟು, ಚುನಾವಣೆಯುಂಟು. ಆದರೆ ಮತ ಹಾಕುವವರು ಸಂಘದ ಸದಸ್ಯರು ಮಾತ್ರ. ಸದಸ್ಯರನ್ನು ಸೇರಿಸಿಕೊಳ್ಳುವವರು ಈಗಾಗಲೇ ಒಳಗಿದ್ದವರು. ಬಾಗಿಲಿಗೆ ಕೀಲಿಯುಂಟು, ಕೀಲಿಕೈ ಒಳಗಿದೆ. ನಾನು ಯಾವ ಒಂದು ಸಂಸ್ಥೆಯ ಕಡೆಗೂ ಬೆರಳು ತೋರಿಸುವದಿಲ್ಲ. ಒಳ್ಳೆಯವರು ನಡೆಸುವ ಒಳ್ಳೆಯ ಸಂಸ್ಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನನ್ನ ತಕರಾರು ಮನುಷ್ಯರ ಮೇಲಲ್ಲ, ಬಾಗಿಲಿನ ಮೇಲೆ.

ಏಕೆಂದರೆ ಈ ಕಾಲೇಜುಗಳನ್ನು ಕಟ್ಟಿದವರು ಯಾರು? ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ನಮ್ಮ ಶಿಕ್ಷಣದ ಚರಿತ್ರೆಗೆ ಹೇಳಿ ಮಾಡಿಸಿದಂತಿದೆ. 1910ರಲ್ಲಿ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ಜಿಲ್ಲೆಯ ವಿದ್ಯಾ ಸಂಸ್ಥೆಗೆ ಅಡಿಗಲ್ಲಿಟ್ಟಾಗ ಅವರು ಕೋಟ್ಯಧೀಶರಾಗಿರಲಿಲ್ಲ, ವಕೀಲರಾಗಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾ ಸಂಸ್ಥೆಯನ್ನು ಕಟ್ಟಿದವರನ್ನು ಜನ ಇಂದಿಗೂ ಸಪ್ತರ್ಷಿಗಳೆಂದು ನೆನೆಯುತ್ತಾರೆ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದರ ಹಿಂದೆ ಅರಟಾಳ ರುದ್ರಗೌಡರ, ರೊದ್ದ ಶ್ರೀನಿವಾಸರಾಯರ ದುಡಿಮೆಯೂ ಸಾರ್ವಜನಿಕರ ವರ್ಗಣಿಯೂ ಇದ್ದವು. ಮುಂದೆ ತಾಲೂಕಿಗೊಂದು ಕಾಲೇಜು ಬಂದದ್ದೂ ಇದೇ ದಾರಿಯಲ್ಲಿ: ಒಬ್ಬರು ಹೊಲ ಕೊಟ್ಟರು, ಒಬ್ಬರು ಕೋಣೆ ಕಟ್ಟಿಸಿದರು, ಹೆಸರು ಕಲ್ಲಿನ ಮೇಲೆ ಬಾರದ ಸಾವಿರ ಮಂದಿ ಒಂದೊಂದು ಚೀಲ ಜೋಳ ಮಾರಿ ಪಾವತಿ ಹರಿಸಿಕೊಂಡರು. ಅನುದಾನಿತ ಹುದ್ದೆಗಳ ಸಂಬಳ ಬರುವದು ಸರಕಾರದ ಖಜಾನೆಯಿಂದ, ಅಂದರೆ ಅದೇ ಸಾವಿರ ಮಂದಿಯ ಕಿಸೆಯಿಂದ. ಹೀಗಿರಲು ಕೊಟ್ಟವನಿಗೆ ಕೇಳುವ ಹಕ್ಕಿಲ್ಲ ಎಂಬ ನ್ಯಾಯ ಯಾವ ಶಾಸ್ತ್ರದ್ದು?

ಚುನಾಯಿತ ಸ್ಥಾನವೆಂಬುದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ಹುಚ್ಚೂ ಅಲ್ಲ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ಮೊದಲು ನಮ್ಮ ಭಾಗದ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯದ ಕಕ್ಷೆಯಲ್ಲಿದ್ದವು. ಒಂದು ಕಾಲಕ್ಕೆ ಅದನ್ನು ಆಳುತ್ತಿದ್ದದ್ದು ಲಾರ್ಡ್ ಕರ್ಜನನ ಕಾಲದ 1904ರ ಕಾಯಿದೆ. ವಿಶ್ವವಿದ್ಯಾಲಯಗಳನ್ನು ಸರಕಾರದ ಕಚೇರಿಗಳನ್ನಾಗಿ ಮಾಡುವ ಹುನ್ನಾರವಿದು ಎಂದು ಅಂದಿನ ರಾಷ್ಟ್ರೀಯ ಮುಖಂಡರು ಆ ಕಾಯಿದೆಯನ್ನು ಖಂಡಿಸಿದರು. ಆದರೂ ಆ ಪರಕೀಯ ಸರಕಾರ ಮುಂಬಯಿಯ ಸೆನೆಟ್ಟಿನಲ್ಲಿ ನೋಂದಾಯಿತ ಪದವೀಧರರಿಗೆ 10 ಚುನಾಯಿತ ಸ್ಥಾನಗಳನ್ನು ಉಳಿಸಿತ್ತು. ಈಗ ನಮ್ಮದೇ ವಿಧಾನಸೌಧದಲ್ಲಿ ನಮ್ಮವರೇ ಮಾಡಿದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆ, 2000 ಅನ್ನು ತೆರೆದು ನೋಡಿರಿ. ಅದರಲ್ಲಿ ಸಿಂಡಿಕೇಟಿದೆ, ವಿದ್ಯಾವಿಷಯಕ ಪರಿಷತ್ತಿದೆ, ಸೆನೆಟ್ಟೇ ಇಲ್ಲ. ಕರ್ಜನನು ಹತ್ತು ಕುರ್ಚಿ ಬಿಟ್ಟುಹೋದ. ನಾವು ಕೋಣೆಯನ್ನೇ ಕೆಡವಿಬಿಟ್ಟೆವು.

ಇದು ಕಾಲಮಾನದ ಅನಿವಾರ್ಯವೆನ್ನುವವರು ಇಂಡಿಯ ಉತ್ತರಕ್ಕೆ ಸಾಗಿ ಭೀಮೆಯನ್ನು ದಾಟಿ ಬರಲಿ. ಆಚೆಯ ದಂಡೆ ಸೊಲ್ಲಾಪುರ ಜಿಲ್ಲೆ. ಮಹಾರಾಷ್ಟ್ರದ 2016ರ ವಿಶ್ವವಿದ್ಯಾಲಯ ಕಾಯಿದೆ ಪ್ರತಿಯೊಂದು ವಿಶ್ವವಿದ್ಯಾಲಯದ ಸೆನೆಟ್ಟಿನಲ್ಲಿಯೂ ನೋಂದಾಯಿತ ಪದವೀಧರರಿಗೆ ಇಂದಿಗೂ 10 ಸ್ಥಾನ ಕೊಟ್ಟಿದೆ. ಪ್ರತಿ ಕಾಲೇಜಿಗೂ ಅಭಿವೃದ್ಧಿ ಸಮಿತಿ ಇರಬೇಕು, ಅದರಲ್ಲಿ ಶಿಕ್ಷಕರು ತಮ್ಮೊಳಗಿಂದ ಆರಿಸಿದ ಮೂವರು ಇರಬೇಕು, ವಿದ್ಯಾರ್ಥಿ ಪರಿಷತ್ತಿನ ಅಧ್ಯಕ್ಷ-ಕಾರ್ಯದರ್ಶಿಗಳೂ ಇರಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ಅಲ್ಲಿ ಎಲ್ಲವೂ ಬಂಗಾರವಾಗಿದೆಯೆಂದು ನಾನು ಹೇಳುವದಿಲ್ಲ. ಆದರೆ ಒಂದೇ ಹೊಳೆಯ ನೀರು ಕುಡಿಯುವ ಇಬ್ಬರು ಪದವೀಧರರಲ್ಲಿ ಉತ್ತರದ ದಂಡೆಯವನು ಮತದಾರ, ದಕ್ಷಿಣದ ದಂಡೆಯವನು ಪ್ರೇಕ್ಷಕ ಎಂಬುದಕ್ಕೆ ಯಾರಾದರೂ ಕಾರಣ ಹೇಳಬೇಕಲ್ಲವೆ?

ಇನ್ನೂ ದೂರ ಹೋಗುವದಾದರೆ ಅಮೇರಿಕೆಯಿದೆ. ಅಲ್ಲಿಯ ಕಮ್ಯುನಿಟಿ ಕಾಲೇಜು ಎಂದರೆ ಹೆಚ್ಚಾಗಿ ಎರಡು ವರ್ಷದ, ಊರ ಮಕ್ಕಳಿಗಾಗಿ ಊರವರೇ ಕಂದಾಯ ಕೊಟ್ಟು ಸಾಕುವ ಕಾಲೇಜು. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಊರಿನಲ್ಲಿ ಇಂಥದೊಂದು ಕಾಲೇಜು 1901ರಲ್ಲಿ ಆರಂಭವಾಯಿತು. ಇಂದು ಅದರ ಮಂಡಳದಲ್ಲಿ ಮತದಾರರು ಆರಿಸಿದ ಏಳು ಮಂದಿಯಿದ್ದಾರೆ. ಅವರ ಜೊತೆಗೆ ಒಬ್ಬ ವಿದ್ಯಾರ್ಥಿ ಪ್ರತಿನಿಧಿಯೂ ಇದ್ದಾನೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಚುನಾಯಿತ ಮಂಡಳಗಳು 70ಕ್ಕೂ ಮಿಕ್ಕಿವೆ. ಅಂಗಡಿಕಾರ, ದಾದಿ, ನಿವೃತ್ತ ಮಾಸ್ತರ, ಯಾರು ಬೇಕಾದರೂ ನೆರೆಯವರ ಮತ ಕೇಳಬಹುದು. ಅಲ್ಲಿಯೂ ಎಷ್ಟೋ ಸಲ ಎದುರಾಳಿಯಿಲ್ಲದೆ ಆಯ್ಕೆಯಾಗುತ್ತದೆ, ಮತ ಹಾಕುವವರು ಕಡಿಮೆ ಎಂಬ ದೂರು ಇದ್ದದ್ದೇ. ಆದರೆ ಹಕ್ಕಿದ್ದು ಬಳಸದವನು ಬೇರೆ. ಬಳಸಬೇಕೆಂದರೂ ಹಕ್ಕಿಲ್ಲದವನು ಬೇರೆ.

ನಮ್ಮ ದೊಡ್ಡವರ ವಿಚಾರ ಎತ್ತ ಸಾಗಿದೆ? ಕೇಂದ್ರದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಕಾಲೇಜಿಗೂ ಸ್ವತಂತ್ರವಾದ ಆಡಳಿತ ಮಂಡಳಿ ಬೇಕೆನ್ನುತ್ತದೆ. ಕೇಳಲು ಇಂಪು. ಮುಂದಿನ ಮಾತನ್ನು ಓದಿರಿ: ಹೊಸ ಸದಸ್ಯರನ್ನು ಆರಿಸುವದು ಮಂಡಳಿಯೇ! ಒಳಗಿದ್ದವರು ಒಳಬರುವವರನ್ನು ಆರಿಸುವ ಈ ಪದ್ಧತಿಗೆ ಸ್ವಾತಂತ್ರ್ಯವೆಂದು ಹೆಸರಿಟ್ಟರೆ, ವಂಶಪಾರಂಪರ್ಯಕ್ಕೆ ಏನೆಂದು ಹೆಸರಿಡೋಣ? ಕರ್ನಾಟಕ ಸರಕಾರವು ಈ ನೀತಿ ಬೇಡವೆಂದು 2023ರಲ್ಲಿ ಸುಖದೇವ ಥೋರಾಟರ ಅಧ್ಯಕ್ಷತೆಯಲ್ಲಿ ತನ್ನದೇ ಆಯೋಗವನ್ನು ನೇಮಿಸಿತು. ಬೇರೆ ನೀತಿ ಬರೆಯುವವರಿಗೆ ಬೇರೆ ಬಾಗಿಲು ತೆರೆಯುವ ಧೈರ್ಯವೂ ಇರಲಿ ಎಂದಷ್ಟೇ ನನ್ನ ಕೋರಿಕೆ.

ಇಲ್ಲಿಗೆ ಬರುವಷ್ಟರಲ್ಲಿ ಕೆಲವು ಹಿರಿಯರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿರಬೇಕು. "ಚುನಾವಣೆ ಬಂದರೆ ಕಾಲೇಜಿನಲ್ಲಿ ರಾಜಕೀಯ ಹೊಗುತ್ತದಪ್ಪಾ" ಎನ್ನುತ್ತಾರೆ. ಮಹನೀಯರೇ, ಶಾಸಕರು ಅಧ್ಯಕ್ಷರಾಗಿರುವ ಸಮಿತಿಯೊಳಗೆ ರಾಜಕೀಯವಿಲ್ಲವೆಂದು ತಾವು ನಂಬಿದ್ದೀರಾ? ರಾಜಕೀಯ ಈಗಲೂ ಇದೆ. ಅದಕ್ಕೆ ಉತ್ತರ ಹೇಳುವ ದಿನವೊಂದೇ ಇಲ್ಲ. "ಜಾತಿ ನುಗ್ಗುತ್ತದೆ" ಎನ್ನುತ್ತಾರೆ. ನುಗ್ಗಬೇಕಾದ ಅಗತ್ಯವೇನಿದೆ? ಅನೇಕ ಕಡೆ ಅದು ಮೊದಲೇ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತಿದೆ. ಮತಪೆಟ್ಟಿಗೆಯ ಮುಂದೆ ಅದು ಕೊನೆಗೆ ಬೇರೆಯವರ ಮನೆಯ ಬಾಗಿಲನ್ನೂ ತಟ್ಟಬೇಕಾಗುತ್ತದೆ. "ಕಲಿಯದ ತಾಯಿ-ತಂದೆಗಳಿಗೆ ಉಚ್ಚ ಶಿಕ್ಷಣ ಏನು ತಿಳಿದೀತು?" ಎಂಬುದು ಮೂರನೆಯ ಬಾಣ. ಪಠ್ಯಕ್ರಮವನ್ನು ಅವರು ಬರೆಯಬೇಕಾಗಿಲ್ಲ, ಅದಕ್ಕೆ ವಿಶ್ವವಿದ್ಯಾಲಯವಿದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ನಿಂತು, ದುಡಿಯುವವನಿಗೆ ಸಭೆಯಲ್ಲಿ ಮಾತಾಡಲು ಬಾರದು ಎನ್ನುವವರಿಗೆ ನಾನಂತೂ ಬೇರೆ ಉತ್ತರ ಹೇಳಲಾರೆ.

ಆಯ್ಕೆಯಾದರೆ ನಾನೇನು ಮಾಡುವೆನೆಂದು ಕೇಳುವ ಹಕ್ಕು ನಿಮಗುಂಟು. ಪಾಠ ಜೂನ್‌ ತಿಂಗಳಲ್ಲಿ ತೊಡಗಬೇಕು, ಅತಿಥಿ ಉಪನ್ಯಾಸಕರ ನೇಮಕ ಮಳೆಗಾಲ ಮುಗಿದ ಮೇಲೆ ಎಂಬ ಪರಿಸ್ಥಿತಿಯನ್ನು ಒಂದೂ ಸಭೆಯಲ್ಲಿ ಸುಮ್ಮನೆ ದಾಟಗೊಡೆನು. 2023ರ ಜೂನ್‌ ತಿಂಗಳಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿಲ್ಲ, ಬಹಳ ಒಳ್ಳೆಯದು. ಆದರೆ ಕೊನೆಯ ಪಾಠ ಮುಗಿಯುವ ಮೊದಲೇ ಹಳ್ಳಿಯ ಬಸ್ಸು ಹೊರಟುಹೋದರೆ ಪುಕ್ಕಟೆ ಟಿಕೀಟಿನಿಂದ ಏನು ಫಲ? ಕಾಲೇಜಿನ ವೇಳಾಪಟ್ಟಿಯನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ಒಂದೇ ಮೇಜಿನ ಮೇಲಿಟ್ಟು ಹೊಂದಿಸುವದು ಅರ್ಧ ತಾಸಿನ ಕೆಲಸ. ಆ ಅರ್ಧ ತಾಸು ಯಾರದೂ ಅಲ್ಲವಾದ್ದರಿಂದ ಹುಡುಗಿಯೊಬ್ಬಳ ಮೂರು ವರ್ಷ ಕೆಡುತ್ತವೆ. ಶೌಚಾಲಯದ ಬಾಗಿಲಿಗೆ ಅಗಳಿ, ಗ್ರಂಥಾಲಯಕ್ಕೆ ಸಂಜೆಯ ದೀಪ, ವರ್ಷದ ಜಮಾ-ಖರ್ಚು ಸೂಚನಾ ಫಲಕದ ಮೇಲೆ: ಇದು ನನ್ನ ಪ್ರಣಾಳಿಕೆ. ಸಣ್ಣ ಮಾತುಗಳೆಂದು ನಗುವವರಿಗೆ ಒಂದೇ ಉತ್ತರ: ಕಾಲೇಜು ಬಿಡುವ ಹುಡುಗಿ ಸಣ್ಣ ಮಾತುಗಳಿಗಾಗಿಯೇ ಬಿಡುತ್ತಾಳೆ.

ಬೇಡಿಕೆಯನ್ನು ನೇರವಾಗಿ ಹೇಳಿಬಿಡುತ್ತೇನೆ. ಸರಕಾರದ ಹಣ ಪಡೆಯುವ ಪ್ರತಿಯೊಂದು ಕಾಲೇಜಿನ ಮಂಡಳದಲ್ಲಿ ಮೂರನೆಯ ಒಂದು ಪಾಲಾದರೂ ಚುನಾಯಿತರಿರಲಿ: ಹಳೆಯ ವಿದ್ಯಾರ್ಥಿಗಳು, ಪಾಲಕರು, ಶಿಕ್ಷಕರು, ವಿದ್ಯಾರ್ಥಿಗಳು ತಂತಮ್ಮೊಳಗಿಂದ ಗುಪ್ತ ಮತದಾನದಿಂದ ಆರಿಸಿದವರು. ಅವರಲ್ಲಿ ಅರ್ಧ ಹೆಂಗಸರು. ಅವಧಿ ಮೂರು ವರ್ಷ. ಒಬ್ಬರಿಗೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಕಾಲೇಜಿನ ಗುತ್ತಿಗೆ ಹಿಡಿದವರು ನಿಲ್ಲಕೂಡದು. ಉಳಿದ ಎರಡು ಪಾಲು ಕಟ್ಟಿದವರದೇ ಇರಲಿ; ಕಟ್ಟಿದವರ ಮಾನ ನನಗೂ ಬೇಕು.

ವಾಯವ್ಯ ಪದವೀಧರರ ಕ್ಷೇತ್ರದಿಂದ 2022ರಲ್ಲಿ ಚುನಾಯಿತರಾದವರ ಅವಧಿ 2028ಕ್ಕೆ ಮುಗಿಯುತ್ತದೆ. ಅಂದು ಉಮೇದುವಾರರು ಮತ್ತೆ ನಿಮ್ಮ ಮನೆಗೆ ಬರುವರು, ಕೈ ಮುಗಿಯುವರು, ಪದವೀಧರರೆಂದರೆ ನಾಡಿನ ಕಣ್ಣು ಎನ್ನುವರು. ಅವರಿಗೆ ಚಹ ಕೊಡಿರಿ. ಕುಡಿದು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿರಿ: "ನಿಮ್ಮನ್ನು ಆರಿಸುವಷ್ಟು ಬುದ್ಧಿಯಿರುವ ನನಗೆ ನನ್ನ ಕಾಲೇಜಿನ ಮಂಡಳವನ್ನು ಆರಿಸುವ ಬುದ್ಧಿ ಇಲ್ಲವೆಂದು ಕಾಯಿದೆ ತಿಳಿದಿರುವದೇಕೆ? ಅದನ್ನು ತಿದ್ದುವಿರಾ?" ಉತ್ತರವನ್ನು ಬರೆದಿಟ್ಟುಕೊಳ್ಳಿರಿ. ಆ ಕಾಯಿದೆ ತಿದ್ದಿದ ವರ್ಷ ನನ್ನ ನಾಮಪತ್ರ ಮೊದಲನೆಯದಾಗಿರುತ್ತದೆ. ಗೆಲ್ಲಿಸಿರೆಂದು ಕೇಳುವದಿಲ್ಲ, ನನಗಿಂತ ಯೋಗ್ಯರು ನಿಂತು ನನ್ನನ್ನು ಸೋಲಿಸಿದರೆ ಕಾಲೇಜಿಗೆ ಅದರಷ್ಟು ಲಾಭ ಬೇರೆ ಯಾವುದಿದೆ?