ಹೊಸ ಬಾವಿಗೆ ನೀರು ಬರುವ ಮುನ್ನ ಹಳೇದನ್ನು ಮುಚ್ಚಬೇಡಿ

ಲಿನಕ್ಸ್ ಕಂಪ್ಯೂಟರಿನ ಪರದೆಗೆ ಚಿತ್ರ, ಅಕ್ಷರ ತರುತ್ತ ಬಂದದ್ದು ಎಕ್ಸ್11 ಎಂಬ ವ್ಯವಸ್ಥೆ. 1987ರಿಂದ ದುಡಿಯುತ್ತಿದೆ. 2008ರಲ್ಲಿ ಶುರುವಾದ ವೇಲ್ಯಾಂಡ್ ಈಗ ಅದರ ಜಾಗಕ್ಕೆ ಬರುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10, ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಎಕ್ಸ್11 ಆಯ್ಕೆಯನ್ನೇ ಕಿತ್ತುಹಾಕಿತು.

ಒಂದು ಆ್ಯಪ್‌ನಲ್ಲಿ ಒತ್ತಿದ ಕೀಲಿಯನ್ನು ಇನ್ನೊಂದು ಕದ್ದು ನೋಡದಂತೆ ವೇಲ್ಯಾಂಡ್ ತಡೆಯುತ್ತದೆ. ಒಳ್ಳೆಯದೇ. ಆದರೆ ಕನ್ನಡ ಟೈಪಿಂಗ್‌ಗೆ ಅದರಲ್ಲಿ ಒಂದೊಂದು ಡೆಸ್ಕ್‌ಟಾಪ್‌ನದು ಒಂದೊಂದು ದಾರಿ. ಸುದ್ದಿಗಿಷ್ಟು ಅಂತ ಕಾಸು ಎಣಿಸುವ ನಮ್ಮಂಥ ವರದಿಗಾರರಿಗೆ ಸಂಜೆ ಏಳಕ್ಕೆ ಕನ್ನಡ ಮೂಡದಿದ್ದರೆ ಹೊಟ್ಟೆಗೆ ತಣ್ಣೀರು ಬಟ್ಟೆ.

ಪುಕ್ಕಟೆ ಕೊಟ್ಟದ್ದನ್ನು ಪ್ರಶ್ನಿಸಬೇಡಿ ಎನ್ನುವವರಿಗೆ ನಮ್ಮ ಉತ್ತರ: ದಿನಾ ಕೆಲಸಕ್ಕೆ ಬಾರದ್ದು ಪುಕ್ಕಟೆಯಾದರೂ ದುಬಾರಿಯೇ. ಹೊಸದರಲ್ಲಿ ಕನ್ನಡ ನೆಟ್ಟಗೆ ಮೂಡುವವರೆಗೆ ಹಳೆಯದೂ ಇರಲಿ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ಎಕ್ಸ್11 ಇನ್ನೂ ಇದೆ. ಸದ್ಯ ಅದನ್ನೇ ಹಿಡಿಯೋಣ. ಕೆಟ್ಟದ್ದನ್ನು ತಯಾರಕರಿಗೆ ಬರೆಯೋಣ.