ಟೆಸ್ಟ್ ಪಾಸಾಯಿತು, ಎಸ್‌ಎಂಎಸ್ ಹೋಗಿಬಿಟ್ಟಿತು

ಪುಣೆಗೆ ಬಂದ ಹೊಸದರಲ್ಲಿ ನನ್ನ ಮೊಬೈಲ್ ನಂಬರ್ ಬದಲಾಯಿತು. ಧಾರವಾಡದಲ್ಲಿರುವ ಅಣ್ಣನ ಫೋನಿನಲ್ಲಿ ಹೊಸ ನಂಬರ್ ಸೇವ್ ಮಾಡಿಸಿ ನಿಶ್ಚಿಂತನಾದೆ. ಆದರೆ ಅವ್ವ ಫೋನ್ ಹಚ್ಚುವುದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದುಕೊಂಡ ನಂಬರ್ ನೋಡಿ. ವಾರವಿಡೀ ಹಳೆಯ ನಂಬರಿಗೇ ಹಚ್ಚಿದಳು.

ಕಳೆದ ವರ್ಷ ನಮ್ಮ ಆಫೀಸಿನಲ್ಲಿ ಆದದ್ದೂ ಇಂಥದ್ದೇ. ಬಿಲ್ ಬಾಕಿ ನೆನಪಿಸುವ ಪೈಥಾನ್ ಕೋಡ್‌ಗೆ ತಂಡದ ಹೊಸ ಹುಡುಗ ಟೆಸ್ಟ್ ಬರೆದ. ನಿಜವಾದ ಎಸ್‌ಎಂಎಸ್ ಹೋಗದಿರಲಿ ಎಂದು ಅದನ್ನು ಕಳಿಸುವ ಫಂಕ್ಷನ್ ಜಾಗದಲ್ಲಿ ‘ಮಾಕ್’, ಅಂದರೆ ಡಮ್ಮಿ ಫಂಕ್ಷನ್, ಇಟ್ಟ. ಟೆಸ್ಟ್ ಪಾಸಾಯಿತು. ಡೇಟಾದಲ್ಲಿದ್ದದ್ದು ಅಸಲಿ ನಂಬರುಗಳು. ಬಾಕಿ ಇಲ್ಲದ ಗ್ರಾಹಕರಿಗೂ ರಾತ್ರಿ ಹನ್ನೊಂದಕ್ಕೆ ಎಸ್‌ಎಂಎಸ್ ಹೋಯಿತು. ಮರುದಿನ ಬೈಗುಳ ತಿಂದವನು ಆ ಹುಡುಗ. ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟಿದ್ದ ನಾನು ಮೀಟಿಂಗಿನಲ್ಲಿ ತುಟಿ ಬಿಚ್ಚಲಿಲ್ಲ.

ತಪ್ಪು ಸಣ್ಣದು. ‘ಫ್ರಮ್–ಇಂಪೋರ್ಟ್’ ಎಂದು ಬರೆದಾಗ ಆ ಫಂಕ್ಷನ್‌ನ ಹೆಸರು ಇಂಪೋರ್ಟ್ ಮಾಡಿಕೊಂಡ ಫೈಲಿನಲ್ಲೂ ದಾಖಲಾಗುತ್ತದೆ. ಆಮೇಲೆ ಮೂಲ ಫೈಲಿನಲ್ಲಿ ಪ್ಯಾಚ್ ಮಾಡುವುದು ಅಣ್ಣನ ಫೋನ್ ತಿದ್ದಿದಂತೆ. ಅವ್ವನ ಕ್ಯಾಲೆಂಡರ್ ಹಾಗೇ ಇರುತ್ತದೆ. ಹೆಸರು ಎಲ್ಲಿ ಬಳಕೆಯಾಗುತ್ತದೋ ಅಲ್ಲೇ ಪ್ಯಾಚ್ ಮಾಡಬೇಕು.

ಮಾಕ್ ಸೌಲಭ್ಯ ಪೈಥಾನ್ ಜೊತೆಗೇ ಬರತೊಡಗಿದ್ದು 2012ರಲ್ಲಿ, 3.3ನೇ ಆವೃತ್ತಿಯಿಂದ. ಈಗ ಎಲ್ಲರೂ ಬಳಸುತ್ತೇವೆ, ಆದರೆ ಅದನ್ನು ಪ್ರಶ್ನಿಸುವವರು ಕಡಿಮೆ. ಬರೀ ಮಾಕ್ ಎಲ್ಲಕ್ಕೂ ‘ಹೂಂ’ ಅನ್ನುತ್ತದೆ. ಎರಡು ಆರ್ಗ್ಯುಮೆಂಟ್ ಬೇಕಾದ ಕಡೆ ಐದು ಕೊಟ್ಟರೂ ತಕರಾರಿಲ್ಲ. ‘ಆಟೋಸ್ಪೆಕ್’ ಹಾಕಿದರೆ ಮಾತ್ರ ಅಸಲಿ ಫಂಕ್ಷನ್‌ನಂತೆ ಲೆಕ್ಕ ಕೇಳುತ್ತದೆ. ‘ಅಸರ್ಟ್ ಕಾಲ್ಡ್ ಒನ್ಸ್ ವಿತ್’ ಎಂಬ ಒಂದು ಸಾಲಿದ್ದರೆ, ಮಾಕ್‌ಗೆ ಕರೆಯೇ ಬಂದಿಲ್ಲವೆಂಬುದು ಅಂದೇ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಗೊತ್ತಾಗುತ್ತಿತ್ತು.

ಇವೆಲ್ಲ ಎರಡು ವರ್ಷದ ಅನುಭವದವನಿಗೆ ಗೊತ್ತಿರಲಿಲ್ಲ, ಸರಿ. ನನಗೆ ಗೊತ್ತಿತ್ತು. ಹಸಿರು ಟಿಕ್ ಕಂಡಿತೆಂದು ಟೆಸ್ಟ್ ಫೈಲನ್ನು ತೆರೆದೇ ನೋಡದೆ ಒಪ್ಪಿಗೆ ಒತ್ತಿದ್ದೆ. ಟೆಸ್ಟ್ ಬರೆದವನಿಗಿಂತ ಅದನ್ನು ಓದದೆ ಒಪ್ಪಿದವನ ಹೊಣೆ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಮ್ಯಾನೇಜರ್‌ಗೆ ಅದನ್ನು ಹೇಳಲು ನನಗೆ ಮೂರು ವಾರ ಬೇಕಾಯಿತು.

ಈಗ ಟೆಸ್ಟ್ ರಿವ್ಯೂಗೆ ಬಂದರೆ ಅಸಲಿ ಕೋಡಿನ ಒಂದು ಸಾಲು ಬೇಕೆಂದೇ ಕೆಡಿಸಿ ಓಡಿಸುತ್ತೇನೆ. ಆಗಲೂ ಹಸಿರೇ ಬಂದರೆ ನನ್ನ ಒಪ್ಪಿಗೆ ಇಲ್ಲ. ನೀವೂ ಮಾಡಿ ನೋಡಿ, ಐದೇ ನಿಮಿಷದ ಕೆಲಸ.