ಸತ್ತ ದನ ಸಾಕಿದವನದು



ದನ ಬದುಕಿರೋವರೆಗೆ ಹಾಲು ಅವರದು, ಉಳುಮೆ ಅವರದು, ಗೊಬ್ಬರವೂ ಅವರದೇ. ಕಣ್ಣು ಮುಚ್ಚಿದ ಗಳಿಗೆಯಿಂದ ಮಾತ್ರ ಅದು ನಮ್ಮದು! "ದನ ಸತ್ತೋಗೈತೆ, ಎಳಕೊಂಡು ಹೋಗ್ರೋ" ಅಂತ ಕೇರಿಗೆ ಆಳು ಬರುತ್ತೆ. ಅವರು ಇದನ್ನು ಊರ ಪದ್ಧತಿ ಅಂತಾರೆ. ನಾವು ಬಿಟ್ಟಿ ಚಾಕರಿ ಅಂತೀವಿ.

ಒಲ್ಲೆವು ಅಂದರೆ ಊರಿನವರ ಉತ್ತರ ಏನು? "ನೀವು ಎತ್ತದಿದ್ರೆ ಊರು ನಾರುತ್ತೆ, ರೋಗ ಹಬ್ಬುತ್ತೆ." ಸರಿ ಸ್ವಾಮಿ. ರೋಗ ಹಬ್ಬುತ್ತೆ ಅಂತ ಗೊತ್ತಿದ್ದೇ ಇಷ್ಟು ಕಾಲ ನಮ್ಮನ್ನು ಬರಿಗೈಲಿ ಕಳಿಸಿದಿರಾ?

ನೆರಡಿ ರೋಗದಿಂದ ಸತ್ತ ದನದ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಬಹುದು. ಡಾಕ್ಟರುಗಳು ಇದನ್ನೇ ಆಂಥ್ರಾಕ್ಸ್ ಅನ್ನುತ್ತಾರೆ. ಇಂಥ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಗಾಳಿ ತಾಗಿದ ರೋಗಾಣು ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ. ಕೈಮೇಲಿನ ಸಣ್ಣ ಗಾಯ ಸಾಕು ಅದು ಮನುಷ್ಯನ ಮೈಗೆ ಇಳಿಯೋದಕ್ಕೆ. ಆ ಕೈ ಯಾವತ್ತೂ ಯಾರದಾಗಿತ್ತು?

ಊರಾಚೆ ಎಸೆದು ಬರೋ ಕಾಲವೂ ಹೋಯಿತು. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧಿಯಿಂದ ರಣಹದ್ದುಗಳು ಸತ್ತು ಮುಗಿದವು. 2006ರಲ್ಲಿ ದನಗಳಿಗೆ ಅದನ್ನು ಕೊಡೋದನ್ನು ಸರ್ಕಾರ ನಿಲ್ಲಿಸಿತು. ಅಷ್ಟರಲ್ಲಿ ಹೆಣದ ಸುತ್ತ ಉಳಿದದ್ದು ನಾಯಿಗಳೇ.

ಮಾಡಬೇಕಾದ್ದು ಇಷ್ಟು: ದನದ ಡಾಕ್ಟರಿಗೆ ತಿಳಿಸಬೇಕು. ಬಾವಿ, ಕೆರೆ, ಬೋರುಗಳಿಂದ ದೂರ ಆರಡಿ ಆಳದ ಗುಂಡಿ ತೋಡಬೇಕು. ಸುಣ್ಣ ಸುರಿದು ಮಣ್ಣು ಮುಚ್ಚಿ, ನಾಯಿ ಕೆದಕದಂತೆ ಮೇಲೆ ಕಲ್ಲು ಹೇರಬೇಕು. ಇದಕ್ಕೆ ಜಾತಿ ಬೇಡ. ಗುದ್ದಲಿ ಬೇಕು, ಜೆಸಿಬಿ ಬೇಕು, ಕೈಗವಸು ಬೇಕು.

1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದರು. ಅಸ್ಪೃಶ್ಯತೆಯ ಹೆಸರಲ್ಲಿ ದನದ ಹೆಣ ಎತ್ತಿಸೋದು ಅಪರಾಧ ಅಂತ 1976ರ ತಿದ್ದುಪಡಿಯಲ್ಲೇ ಬಂತು. 2015ರಲ್ಲಿ ತಿದ್ದಿದ ದೌರ್ಜನ್ಯ ತಡೆ ಕಾಯ್ದೆಯೂ ಅದನ್ನೇ ಹೇಳುತ್ತದೆ. ಆದರೂ 2016ರ ಜುಲೈನಲ್ಲಿ ಗುಜರಾತಿನ ಊನಾ ಹತ್ತಿರ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮವರನ್ನು ಕಟ್ಟಿ ಥಳಿಸಿದರು. ಎತ್ತದಿದ್ದರೂ ತಪ್ಪು, ಎತ್ತಿದರೂ ಏಟು! ಸುರೇಂದ್ರನಗರದ ನಮ್ಮ ಜನ ದನದ ಹೆಣಗಳನ್ನು ತಂದು ಸರ್ಕಾರಿ ಕಚೇರಿ ಮುಂದೆ ಸುರಿದು ಉತ್ತರ ಕೊಟ್ಟರು.

ನಮ್ಮ ಮಾತು ಸ್ಪಷ್ಟ. ದನ ಯಾರದೋ ಹೆಣವೂ ಅವರದೇ. ಗುಂಡಿಗೆ ಜಾಗ, ಯಂತ್ರ, ಸುಣ್ಣ ಪಂಚಾಯ್ತಿ ಕೊಡಲಿ. ಚರ್ಮದ ಕಸುಬು ಬೇಕೆನ್ನುವ ನಮ್ಮವರಿಗೆ ಕೂಲಿ, ರಕ್ಷಣೆ ಎರಡೂ ಸಿಗಲಿ. ಆಳು ಕೇರಿಗೆ ಬಂದರೆ ಗುದ್ದಲಿ ತೋರಿಸಿ ಹೇಳಿ: "ಗೌಡ್ರಿಗೂ ಎರಡು ಕೈ ಅವೆ."

ಜೈ ಭೀಮ್.